ಕಫದ ಡಬ್ಬಿ ನಡೆದ ದಾರಿ

ಮಾಲೂರು ತಾಲ್ಲೂಕಿನ ನಮ್ಮ ಶಿವಾರಪಟ್ಟಣದಲ್ಲಿ ಕೆಮ್ಮು ಯಾರನ್ನೂ ಗಾಬರಿಪಡಿಸುವುದಿಲ್ಲ. ತಲೆಮಾರುಗಳಿಂದ ಕಲ್ಲು ಕೆತ್ತಿ ದೇವರ ಮೂರ್ತಿ ಮಾಡುವವರ ಊರು ಇದು. ಏಕೆ ಕೆಮ್ಮುತ್ತೀರಿ ಎಂದರೆ ‘ಕಲ್ಲು ಧೂಳಿಂದು, ಬಿಡಿ ಮೇಡಂ’ ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ. ಧೂಳೇನೂ ಸುಳ್ಳಲ್ಲ. ಉಳಿ-ಸುತ್ತಿಗೆಯ ಜೊತೆಗೆ ಕರೆಂಟಿನ ಕಟರ್, ಗ್ರೈಂಡರ್ ಸೇರಿದ ಮೇಲೆ ಅದು ಇನ್ನಷ್ಟು ನುಣ್ಣಗೆ ಏಳುತ್ತದೆ. ಗ್ರಾನೈಟಿನಲ್ಲಿರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ನಮ್ಮ ದೇಶದಲ್ಲಿ ಆ ರೋಗ ಮೊದಲು ವರದಿಯಾದದ್ದು 1934ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದಲೇ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬರುವ ಸಂಭವ ಉಳಿದವರಿಗಿಂತ ಹೆಚ್ಚು. ಧೂಳಿನ ಕೆಮ್ಮೋ ಕ್ಷಯದ ಕೆಮ್ಮೋ ಎಂದು ಕಿವಿಯಿಂದ ಹೇಳಲಾಗದು; ಕಫವನ್ನು ಪರೀಕ್ಷಿಸಬೇಕು. ಆ ಪರೀಕ್ಷೆ ಕೈಯಿಂದ ಯಂತ್ರಕ್ಕೆ ಬಂದ ಕಥೆ ಆದ್ದರಿಂದ ನಮ್ಮೂರಿಗೂ ಸೇರಿದ್ದು.

1882ರ ಮಾರ್ಚ್ 24ರಂದು ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯದ ರೋಗಾಣುವನ್ನು ಕಂಡುಹಿಡಿದದ್ದನ್ನು ಪ್ರಕಟಿಸಿದ. ಆ ಕಾಲದಲ್ಲಿ ರೋಗಾಣು ಬೆಳೆಸಲು ಜೆಲಟಿನ್ ಬಳಸುತ್ತಿದ್ದರು. ಅದು ಬೆಚ್ಚಗಾದರೆ ಕರಗಿಹೋಗುತ್ತಿತ್ತು. ಕಾಖ್‌ನ ಪ್ರಯೋಗಶಾಲೆಯಲ್ಲಿ ಕೆಲಸಮಾಡುತ್ತಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ, ತಾನು ಅಡುಗೆಮನೆಯಲ್ಲಿ ಜೆಲ್ಲಿಗೆ ಹಾಕುತ್ತಿದ್ದ ಅಗರ್ ಬಳಸಿ ನೋಡಿ ಎಂದಳು. ಕಡಲ ಪಾಚಿಯಿಂದ ಮಾಡಿದ ಆ ಅಗರ್ ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿದೆ. 1887ರಲ್ಲಿ ಪೆಟ್ರಿ ಅದಕ್ಕೆ ಮುಚ್ಚಳದ ತಟ್ಟೆ ಕೊಟ್ಟ. ಜೀಲ್, ನೀಲ್ಸನ್ ಎಂಬಿಬ್ಬರ ಹೆಸರಿನ ಬಣ್ಣದ ವಿಧಾನವೂ ಅದೇ ದಶಕದ್ದು. ಗಾಜಿನ ಮೇಲೆ ಕಫ ಸವರಿ, ಕೆಂಪು ಬಣ್ಣ ಹಾಕಿ ಕಾಯಿಸಿ, ಆಮ್ಲದಲ್ಲಿ ತೊಳೆದರೆ ಉಳಿದುದೆಲ್ಲ ಬಣ್ಣ ಬಿಡುತ್ತದೆ, ಕ್ಷಯದ ಕಡ್ಡಿಗಳು ಮಾತ್ರ ಕೆಂಪಾಗಿಯೇ ಉಳಿಯುತ್ತವೆ. ಇದೆಲ್ಲ ಕೈಕೆಲಸ, ನೂರು ವರ್ಷ ಹಾಗೆಯೇ ನಡೆಯಿತು.

ರಕ್ತದ ಸಕ್ಕರೆ, ಯೂರಿಯಾ ಅಳೆಯುವ ಸ್ವಯಂಚಾಲಿತ ಯಂತ್ರ 1957ರಲ್ಲೇ ಮಾರುಕಟ್ಟೆಗೆ ಬಂತು. ರೋಗಾಣು ಪರೀಕ್ಷೆ ಮಾತ್ರ ಏಕೆ ಹಿಂದುಳಿಯಿತು? ರಕ್ತ ಹರಿಯುವ ವಸ್ತು, ಒಂದೇ ಬಗೆಯ ಕೊಳವೆಯಲ್ಲಿ ಬರುತ್ತದೆ. ಇಲ್ಲಿಗೋ ಒಂದು ಡಬ್ಬಿಯಲ್ಲಿ ಅಂಟಂಟಾದ ಕಫ, ಇನ್ನೊಂದರಲ್ಲಿ ಮೂತ್ರ, ಮತ್ತೊಂದರಲ್ಲಿ ಮಲ, ಹತ್ತಿ ಸುತ್ತಿದ ಕಡ್ಡಿಯಲ್ಲಿ ಕೀವು. ಒಂದೊಂದಕ್ಕೂ ಬೇರೆ ಡಬ್ಬಿ, ಬೇರೆ ಉಪಚಾರ. ಕಲ್ಲಿನ ಗುಣ ನೋಡಿ ಏಟು ಹಾಕಬೇಕೆನ್ನುವ ನಮ್ಮ ಶಿಲ್ಪಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡೆಗೆ ಯಂತ್ರ ಮಾಡುವವರು ಮಾದರಿಗಳನ್ನೇ ಒಂದು ಹದಕ್ಕೆ ತಂದರು. ಕಡ್ಡಿಯಲ್ಲಿ ತೆಗೆದದ್ದನ್ನು ದ್ರವದಲ್ಲಿ ಬಿಡಿಸಿ, ಒಂದೇ ಅಳತೆಯ ಕೊಳವೆಯಲ್ಲಿ ಕಳಿಸುವ ಪದ್ಧತಿ ಬಂತು. ಆಮೇಲೆ ಇಟಲಿ, ನೆದರ್ಲೆಂಡ್ಸ್‌ಗಳಲ್ಲಿ ತಯಾರಾದ ಯಂತ್ರಗಳು ತಾವೇ ಮುಚ್ಚಳ ತೆರೆದು, ತಟ್ಟೆಯ ಮೇಲೆ ಗೆರೆ ಎಳೆಯತೊಡಗಿದವು. ಬೆಳೆದ ರೋಗಾಣುವಿನ ಚಿತ್ರವನ್ನು ಕ್ಯಾಮೆರಾ ತೆಗೆಯುತ್ತದೆ. ಅದನ್ನು ನೋಡಿ ತೀರ್ಮಾನಿಸುವುದು ಮನುಷ್ಯರ ಕೆಲಸವಾಗಿ ಉಳಿಯಿತು.

ಕ್ಷಯದ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಮೊಟ್ಟೆ ಬೆರೆಸಿದ ಆಹಾರದ ಮೇಲೆ ಈ ರೋಗಾಣು ಬೆಳೆದು ಕಾಣಲು ಆರೆಂಟು ವಾರ ಬೇಕು. ಅಷ್ಟರಲ್ಲಿ ಮನೆಯ ಮಕ್ಕಳಿಗೂ ತಗಲಿರುತ್ತದೆ. ಡಬ್ಬಿ ತೆರೆಯುವ ತಂತ್ರಜ್ಞರಿಗೂ ಅಪಾಯ ತಪ್ಪಿದ್ದಲ್ಲ. 2010ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಯಂತ್ರ ಈ ಎರಡನ್ನೂ ಬಹಳಮಟ್ಟಿಗೆ ತಗ್ಗಿಸಿತು. ಕಫಕ್ಕೆ ಒಂದು ದ್ರಾವಣ ಬೆರೆಸಿ ಹದಿನೈದು ನಿಮಿಷ ಬಿಟ್ಟು, ಮುಚ್ಚಿದ ಪೆಟ್ಟಿಗೆಯಂಥ ಕಾರ್ಟ್ರಿಜ್‌ಗೆ ಹಾಕಿದರೆ ಸಾಕು. ತೊಳೆಯುವುದು, ಒಡೆಯುವುದು, ರೋಗಾಣುವಿನ ವಂಶವಸ್ತು ಹುಡುಕುವುದು ಎಲ್ಲ ಒಳಗೇ ನಡೆಯುತ್ತದೆ. ರೋಗ ಇದೆಯೇ, ರಿಫಾಂಪಿಸಿನ್ ಔಷಧಿಗೆ ಬಗ್ಗುತ್ತದೆಯೇ ಎಂಬುದು ಸುಮಾರು ಎರಡು ಗಂಟೆಯಲ್ಲಿ ತಿಳಿಯುತ್ತದೆ. ಬೆಂಗಳೂರಿನ ಬಿಗ್‌ಟೆಕ್ ರೂಪಿಸಿ ಗೋವಾದ ಮೋಲ್‌ಬಯೋ ತಯಾರಿಸುವ ಟ್ರೂನ್ಯಾಟ್‌ಗೆ 2020ರಲ್ಲಿ ಅದೇ ಸಂಸ್ಥೆಯ ಒಪ್ಪಿಗೆ ದೊರೆಯಿತು. ಅದು ಬ್ಯಾಟರಿಯಲ್ಲೂ ನಡೆಯುತ್ತದೆ. ಕರೆಂಟು ಹೋಗಿ ಬರುವ ಹಳ್ಳಿಗಾಡಿಗೆ ಇದು ಸಣ್ಣ ಉಪಕಾರವಲ್ಲ.

ಆದರೂ ಯಂತ್ರ ಒಂದು ಕೆಲಸ ಮಾಡಲಾರದು. ಕಫ ಕೊಡಿ ಎಂದು ಅದು ಕೇಳುವುದಿಲ್ಲ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಆರಂಭವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಹಳ್ಳಿಯವರಿಗೆ ರೋಗದ ಪರಿವೆಯಿಲ್ಲ ಎಂಬ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ಕಫ ನೋಡಲು ಬೇಕಾದ ಸೂಕ್ಷ್ಮದರ್ಶಕ ಆಗಲೇ ಹಳೆಯ ವಸ್ತುವಾಗಿತ್ತು. ಇರಲಿಲ್ಲವಾದದ್ದು ಕೇಳುವ ಅಭ್ಯಾಸ.

ನಮ್ಮೂರಿನಲ್ಲಿ ‘ಧೂಳಿಂದು’ ಎಂಬ ಮಾತು ಆ ಬಾಟಲಿಯ ಕೆಲಸವನ್ನೇ ಮಾಡುತ್ತಿದೆ. ಎರಡು ವಾರ ಮೀರಿದ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ನಾನು ಕಲ್ಲು ಕೆತ್ತುವವನು ಎಂದು ಮೊದಲೇ ಹೇಳಬೇಕು. ಪರೀಕ್ಷೆಗೂ ಔಷಧಿಗೂ ಅಲ್ಲಿ ಹಣವಿಲ್ಲ. ಡಬ್ಬಿಗೆ ಎಂಜಲು ಉಗುಳಿದರೆ ಎಂಥ ಯಂತ್ರವೂ ಏನನ್ನೂ ಕಾಣಲಾರದು. ಬಯಲಿನಲ್ಲಿ ನಿಂತು, ಉಸಿರು ಆಳವಾಗಿ ಎಳೆದು, ಎದೆಯಿಂದ ಬಂದ ಕಫವನ್ನೇ ಕೊಡಬೇಕು.