ಎತ್ತರ, ಚೆಲುವು, ಅತಿಶಯ: ಬೊಪ್ಪಣ ಪಂಡಿತನು ಕಲಿಸುವ ಬಿಂಬಪರೀಕ್ಷೆ

ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಕ್ರಿ.ಶ. 1180ರ ಸುಮಾರಿನ ಒಂದು ಕನ್ನಡ ಶಾಸನವಿದೆ. ಸುಜನೋತ್ತಂಸನೆಂದು ಹೆಸರಾದ ಬೊಪ್ಪಣ ಪಂಡಿತನು ರಚಿಸಿದ ಈ ಶಾಸನವು ಗೊಮ್ಮಟಸ್ವಾಮಿಯನ್ನು ಕುರಿತ ಒಂದು ಕಿರುಕಾವ್ಯವೇ ಆಗಿದೆ. ಭರತ ಚಕ್ರವರ್ತಿಯು ಪೌದನಪುರದಲ್ಲಿ ಮಾಡಿಸಿದನೆಂಬ ಬಿಂಬದ ವೃತ್ತಾಂತ, ಅದನ್ನು ಕೇಳಿದ ಚಾವುಂಡರಾಯನಿಗೆ ಉಂಟಾದ ದರ್ಶನಾಭಿಲಾಷೆ, ಆ ಸ್ಥಳವು ದುರ್ಗಮವೆಂದು ತಿಳಿದು ಇಲ್ಲಿಯೇ ಬಿಂಬವನ್ನು ಮಾಡಿಸಿದ ಸಂಗತಿ, ಇವೆಲ್ಲವೂ ಅದರಲ್ಲಿ ಬರುತ್ತವೆ. ಕಥೆಯನ್ನು ಬಲ್ಲ ಶ್ರಾವಕರು ಅನೇಕರಿದ್ದಾರೆ. ಆದರೆ ಅದರೊಳಗಿನ ಒಂದು ಪದ್ಯವನ್ನು ಕೇವಲ ಸ್ತುತಿಯೆಂದು ಓದಿ ಮುಂದೆ ಸಾಗುವುದೇ ರೂಢಿಯಾಗಿದೆ. ಅದು ಸ್ತುತಿಯೂ ಹೌದು, ಕನ್ನಡದಲ್ಲಿ ದೊರೆಯುವ ಶಿಲ್ಪವಿಮರ್ಶೆಯ ಅತ್ಯಂತ ಹಳೆಯ ಪಾಠಗಳಲ್ಲಿ ಒಂದೂ ಹೌದು.

ಪದ್ಯದ ತಾತ್ಪರ್ಯ ಇಷ್ಟು. ಬಿಂಬವು ಬಹಳ ಎತ್ತರವಾದರೆ ಅದರಲ್ಲಿ ಚೆಲುವು ಇಲ್ಲದೆ ಹೋಗಬಹುದು. ಎತ್ತರದೊಡನೆ ಚೆಲುವು ಕೂಡಿದರೂ ಅತಿಶಯವು ನೆಲೆಸದಿರಬಹುದು. ಗೊಮ್ಮಟನಲ್ಲಾದರೋ ಮೂರೂ ಒಂದೆಡೆ ಸೇರಿವೆ. ಇಲ್ಲಿ ಹೊಗಳಿಕೆಗಿಂತ ಮುಖ್ಯವಾದುದು ಹೊಗಳಿಕೆಗೆ ಮುಂಚೆ ಬರುವ ಸಂದೇಹ. ಬೊಪ್ಪಣನು ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುತ್ತಾನೆ. ಒಂದರ ಉತ್ತರವನ್ನು ಮತ್ತೊಂದರ ಲೆಕ್ಕಕ್ಕೆ ಜಮಾ ಮಾಡುವುದಿಲ್ಲ. ಚಿನಿವಾರನು ಒಡವೆಯನ್ನು ತಕ್ಕಡಿಯಲ್ಲಿಟ್ಟು ತೂಕವನ್ನೂ ಒರೆಗಲ್ಲಿಗೆ ಉಜ್ಜಿ ಬಣ್ಣವನ್ನೂ ತಿಳಿಯುತ್ತಾನೆ. ತೂಕ ಹೆಚ್ಚೆಂಬ ಮಾತ್ರಕ್ಕೆ ಬಣ್ಣವೂ ಹೆಚ್ಚೆಂದು ಬರೆದುಕೊಳ್ಳುವ ಅಂಗಡಿ ಬಹುಕಾಲ ನಡೆಯದು.

ಮೊದಲನೆಯದು ಎತ್ತರ. ಇದು ಅಭಿಪ್ರಾಯದ ವಿಷಯವಲ್ಲ, ಅಳತೆಯ ವಿಷಯ. ಆದರೂ ಇದರಲ್ಲಿಯೇ ಎಷ್ಟು ವ್ಯತ್ಯಾಸ! ಬುಕಾನನನು ಕೊಟ್ಟ ಅಳತೆ 70 ಅಡಿ 3 ಅಂಗುಲ. ಆರ್ಥರ್ ವೆಲ್ಲೆಸ್ಲಿ ಕೊಟ್ಟದ್ದು 60 ಅಡಿ 3 ಅಂಗುಲ. 1865ರಲ್ಲಿ ಮೈಸೂರಿನ ಚೀಫ್ ಕಮಿಷನರನಾಗಿದ್ದ ಬೌರಿಂಗನು ಅಳೆಯಿಸಿದಾಗ ಅದು 57 ಅಡಿಗೆ ಇಳಿಯಿತು. ಈಗ 58 ಅಡಿ ಎಂದು ಹೇಳುವುದು ವಾಡಿಕೆ. ಒಂದೇ ಕಲ್ಲು, 13 ಅಡಿಗಳ ಅಂತರ. 1871ರ ಮಸ್ತಕಾಭಿಷೇಕದ ಕಾಲದಲ್ಲಿ ಅಂಗಾಂಗಗಳ ಅಳತೆಯೂ ಆಯಿತು: ಹೆಗಲಿನ ಅಗಲ 26 ಅಡಿ, ಪಾದದ ಉದ್ದ 9 ಅಡಿ. ಭಕ್ತಿಗೆ ಈ ಅಂಕಿಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಚೆಲುವಿನ ವಿಷಯದಲ್ಲಿ ತೀರ್ಪಿಗೆ ಮುಂಚೆ ನೋಟ ಬೇಕು. ಬೆಳಗೊಳದ ಬಿಂಬವು ಉತ್ತರಾಭಿಮುಖವಾಗಿರುವುದರಿಂದ ಬಿಸಿಲು ಬಹುಪಾಲು ಪಕ್ಕದಿಂದಲೋ ಹಿಂದಿನಿಂದಲೋ ಬೀಳುತ್ತದೆ. ಬೆಳಗಿನ ಓರೆಬೆಳಕಿನಲ್ಲಿ ಹುತ್ತಗಳ ಒರಟು ಮೈ, ಅವುಗಳಿಂದ ಹೆಡೆ ಚಾಚಿದ ಸರ್ಪಗಳು, ಕಾಲುಗಳನ್ನೂ ತೋಳುಗಳನ್ನೂ ಸುತ್ತಿ ಏರುವ ಬಳ್ಳಿ ಸ್ಪಷ್ಟವಾಗಿ ಕಾಣುತ್ತವೆ. ಆ ಒರಟುತನದ ಪಕ್ಕದಲ್ಲಿಯೇ ಸ್ವಾಮಿಯ ಮೈಯ ನುಣುಪು. ತೊಡೆಯಿಂದ ಮೇಲೆ ಯಾವ ಆಸರೆಯೂ ಇಲ್ಲ. ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿಯನ್ನು ನೋಡಿಬಂದವನಿಗೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ನೀಳವಾದ ಜಡೆಗಳು ಹೆಗಲ ಮೇಲೆ ಇಳಿದಿವೆ, ಸುತ್ತ ಪರಿವಾರವಿದೆ. ಇಲ್ಲಿ ಕೇಶವು ಕಿರುಗುಂಗುರುಗಳಾಗಿ ತಲೆಗೆ ಅಂಟಿಕೊಂಡಿದೆ, ಸುತ್ತ ಆಕಾಶವಿದೆ. ಎರಡನ್ನು ನೋಡದೆ ಒಂದರ ಗುಣವನ್ನು ಹೇಳುವುದು ಕಷ್ಟ.

ದೋಷವನ್ನು ಹೇಳಿದವರೂ ಇದ್ದಾರೆ. ಮೊಣಕಾಲಿನ ಕೆಳಗೆ ಕಾಲುಗಳು ಗಿಡ್ಡವಾಗಿವೆ, ಹೆಗಲು ಪ್ರಮಾಣಕ್ಕಿಂತ ಅಗಲವಾಗಿದೆ ಎಂಬುದು ಅವರ ಆಕ್ಷೇಪ. ಈ ಮಾತಿಗೆ ಸಿಟ್ಟಾಗುವ ಭಕ್ತರುಂಟು. ಆದರೆ ಆಕ್ಷೇಪವು ಅಳತೆಗೆ ಸಂಬಂಧಿಸಿದ್ದು, ಅದರಲ್ಲಿ ಸತ್ಯವಿದೆ. ಅದಕ್ಕೆ ಸಮಾಧಾನವೂ ಇದೆ. ಪಾದದ ಬಳಿ ನಿಂತು ಕತ್ತೆತ್ತಿ ನೋಡುವವನಿಗೆ ಕೆಳಭಾಗವು ಹಿಗ್ಗಿ, ಮೇಲ್ಭಾಗವು ಕುಗ್ಗಿ ತೋರುತ್ತದೆ. ಕೆಳಗೆ ಕಡಿಮೆ ಮಾಡಿ ಮೇಲೆ ಹೆಚ್ಚಿಸಿದರೆ ಅವನ ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಇಲ್ಲಿಗೂ ಚರ್ಚೆ ಮುಗಿಯದು. ಸುತ್ತಣ ಸುತ್ತಾಲಯವನ್ನು ಮಾಡಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅದು 12ನೆಯ ಶತಮಾನದ ಕೆಲಸ. ಚಾವುಂಡರಾಯನ ಕಾಲದಲ್ಲಿ, ಅಂದರೆ 981ರ ಸುಮಾರಿನಲ್ಲಿ, ಬಿಂಬವು ಪಾದದವರೆಗೂ ಬಯಲಿಗೆ ತೆರೆದಿತ್ತು; ದೂರದಿಂದ ನೋಡುವವರೂ ಇದ್ದರು. ಹಾಗಿರುವಾಗ ಶಿಲ್ಪಿಯು ಯಾರ ಕಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ? ಪಾದದ ಬಳಿಯ ಶಾಸನಗಳು ಮಾಡಿಸಿದವರ ಹೆಸರನ್ನು ಹೇಳುತ್ತವೆ. ಮಾಡಿದವನ ಹೆಸರು ಅಲ್ಲಿಲ್ಲ. ಹತ್ತಿರದವನ ಅಪೇಕ್ಷೆಯಿಂದ ಸರಿ, ದೂರದವನ ಅಪೇಕ್ಷೆಯಿಂದ ಕೊರತೆ ಎನ್ನುವುದು ನುಣುಚಿಕೊಳ್ಳುವ ಮಾತಲ್ಲ. ‘ಸ್ಯಾತ್’ ಎಂಬ ಪದವನ್ನು ಕೊಟ್ಟ ಧರ್ಮದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮೂರನೆಯ ಪ್ರಶ್ನೆ ಕಠಿಣವಾದುದು. ಅತಿಶಯವೆಂದೊಡನೆ ಪವಾಡವನ್ನು ನೆನೆಯುವವರಿದ್ದಾರೆ. ಕಲ್ಲಿನಲ್ಲಿ ಕಾಣುವ ಅತಿಶಯವೆಂದರೆ ವೈರಾಗ್ಯವು ಮುಖದಲ್ಲಿ ಮೂಡಿರುವುದು ಎಂದು ತಿಳಿಯುವುದೇ ಮೇಲು. ವರಾಹಮಿಹಿರನು ಜಿನಬಿಂಬದ ಲಕ್ಷಣಗಳಲ್ಲಿ ಆಜಾನುಬಾಹುತ್ವ, ತಾರುಣ್ಯ, ರೂಪಗಳೊಡನೆ ಪ್ರಶಾಂತತೆಯನ್ನೂ ಸೇರಿಸಿದ್ದಾನೆ. ಉಳಿದವನ್ನು ಅಳೆಯಬಹುದು, ಪ್ರಶಾಂತತೆಯನ್ನು ಅಳೆಯಲಾಗದು, ಹೋಲಿಸಬಹುದು. 1432ರ ಕಾರ್ಕಳದ ಬಿಂಬ ಸುಮಾರು 42 ಅಡಿ. ಅಲ್ಲಿ ಗಾಂಭೀರ್ಯವಿದೆ, ಕಣ್ಣಿನಲ್ಲಿ ಬೆಳಗೊಳದ ಕಾರುಣ್ಯವಿಲ್ಲ. 1604ರ ವೇಣೂರಿನದು ಸುಮಾರು 35 ಅಡಿ. ಅದರ ಕೆನ್ನೆಯ ಗುಳಿಗಳನ್ನೂ ನಗೆಯನ್ನೂ ಕೆಲವರು ಮೆಚ್ಚಿದರೆ ಕೆಲವರು ತಪಸ್ವಿಗೆ ಒಪ್ಪದೆನ್ನುತ್ತಾರೆ. ಬೆಳಗೊಳದ ಮಂದಹಾಸವು ಇದೆಯೋ ಇಲ್ಲವೋ ಎಂಬಷ್ಟೇ ಇದೆ. ಅದೇ ಅದರ ಮೇಲ್ಮೆ.

ಪೂಜ್ಯವಾದ ಬಿಂಬದಲ್ಲಿ ಗುಣದೋಷಗಳನ್ನು ಹುಡುಕುವುದು ಅವಿನಯವಲ್ಲವೇ ಎಂಬ ಶಂಕೆ ಸಹಜ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಅನ್ಯರ ದೋಷವನ್ನು ಮುಚ್ಚಬೇಕೆಂದು ಅದು ಹೇಳುತ್ತದೆ. ಆದರೆ ಅದು ಅಶಕ್ತರಾದ ಧರ್ಮಾತ್ಮರ ಲೋಪಕ್ಕೆ ಹೇಳಿದ ಮಾತು, ಉಳಿಯ ಲೋಪಕ್ಕಲ್ಲ. ಅದೇ ಎಂಟರಲ್ಲಿ ಅಮೂಢದೃಷ್ಟಿಯೂ ಇದೆ. ಪೂಜೆಯು ಸ್ವಾಮಿಯ ಗುಣಗಳಿಗೆ, ಪರೀಕ್ಷೆಯು ಶಿಲ್ಪಿಯ ಕೆಲಸಕ್ಕೆ. ಇನ್ನು ‘ಪಂಡಿತರಿಗಲ್ಲದೆ ನಮಗೇಕೆ’ ಎಂಬ ಸಂಕೋಚಕ್ಕೆ ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗವೇ ಉತ್ತರ ಕೊಟ್ಟಿದೆ: ವಿಶೇಷವಾಗಿ ಓದದಿದ್ದರೂ ಕನ್ನಡ ನಾಡಿನ ಜನ ಕಾವ್ಯವನ್ನು ಬಲ್ಲವರೆಂದು ಅದು ನಂಬುತ್ತದೆ. ಕಾವ್ಯಕ್ಕೆ ಸಲ್ಲುವುದು ಬಿಂಬಕ್ಕೂ ಸಲ್ಲಬೇಕು.

ಟ್ರಸ್ಟುಗಳಿಗೆ ಇದು ಬರಿಯ ಪಾಂಡಿತ್ಯದ ವಿಷಯವಲ್ಲ. ಹೊಸ ಬಿಂಬದ ಮಾತು ಬಂದಾಗ ಸಭೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಎಷ್ಟು ಅಡಿ?’ ಎಂಬುದು, ಎರಡನೆಯದು ‘ಎಷ್ಟು ಖರ್ಚು?’ ಎಂಬುದು. ಆಮಂತ್ರಣ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದೂ ಎತ್ತರವೇ. ಇದನ್ನು ಪ್ರಭಾವನೆ ಎನ್ನುತ್ತಾರೆ. ಸಮಂತಭದ್ರಾಚಾರ್ಯರು ಪ್ರಭಾವನೆಯನ್ನು ಅಜ್ಞಾನದ ಕತ್ತಲೆಯನ್ನು ಹೋಗಲಾಡಿಸುವ ಕಾರ್ಯವೆಂದರು. ನೆರೆಯೂರಿಗಿಂತ ಒಂದು ಅಡಿ ಮೇಲೇರುವುದನ್ನು ಅಲ್ಲಿ ಸೇರಿಸಲಿಲ್ಲ. ಎತ್ತರದ ಪೈಪೋಟಿಯಲ್ಲಿ ಇಣುಕುವುದು ಮಾನಕಷಾಯ. ವೇಣೂರಿನಲ್ಲಿ ಬಿಂಬವಾಗುವುದನ್ನು ಕಾರ್ಕಳದ ಅರಸನು ಸಹಿಸದೆ ದಂಡೆತ್ತಿ ಬಂದನೆಂದೂ, ಅಜಿಲ ಅರಸನು ಅದನ್ನು ಫಲ್ಗುಣಿ ನದಿಯ ಮರಳಿನಲ್ಲಿ ಅಡಗಿಸಿಟ್ಟನೆಂದೂ ಪ್ರತೀತಿಯಿದೆ.

ಶಿಲ್ಪಿಗೆ ಮುಂಗಡ ಕೊಡುವ ಮೊದಲು ಮಣ್ಣಿನಲ್ಲಿ ಒಂದು ಮಾದರಿಯನ್ನು ಮಾಡಿಸಿ, ಪೀಠದ ಎತ್ತರಕ್ಕೆ ಹೊಂದುವಂತೆ ಏರಿಸಿಟ್ಟು, ಶ್ರಾವಕರು ನಿಲ್ಲುವ ಸ್ಥಳದಿಂದ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಸಮಿತಿಯವರಲ್ಲದೆ ಊರಿನ ನಾಲ್ಕು ಮಂದಿ ಹಿರಿಯ ಹೆಂಗಸರನ್ನೂ ಕರೆಯಬೇಕು; ದಿನವೂ ದರ್ಶನ ಮಾಡುವ ಅವರ ಕಣ್ಣು ಮುಖದ ಕೊರತೆಯನ್ನು ಬೇಗ ಹಿಡಿಯುತ್ತದೆ. ಆಗ ಕಂಡುದನ್ನು ಮಣ್ಣಿನಲ್ಲಿ ಅರ್ಧ ದಿನದಲ್ಲಿ ತಿದ್ದಬಹುದು. ಪಂಚಕಲ್ಯಾಣವಾದ ಮೇಲೆ ಅದೇ ಮಾತನ್ನು ಆಡಲು ಯಾರೂ ಬಾಯಿ ತೆರೆಯರು.