ಒಂದು ಶಿಲ್ಲಿಂಗ್‌ನ ತೀರ್ಪು

ಇವತ್ತಿನ ಮಾತು ಮಕ್ಕಳ ಪುಸ್ತಕಗಳದ್ದು. ಅದರಲ್ಲೂ ಮಾಯಾಲೋಕದ ಕಥೆಗಳು, ಪತ್ತೇದಾರಿ ಕಥೆಗಳು. ಇವುಗಳಲ್ಲಿ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು ಅಂತ ಹೇಳಬೇಕಾದವರು ಯಾರು? ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದಕ್ಕೆ ಕಾರಣ ಇದೆ. ಅದನ್ನೇ ಮೊದಲು ಹೇಳಿಬಿಡ್ತೀನಿ.

ಹೋದ ವರ್ಷ ಮಕ್ಕಳ ಕಾದಂಬರಿ ಸ್ಪರ್ಧೆಯೊಂದಕ್ಕೆ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ಬಂದ ಹಸ್ತಪ್ರತಿಗಳಲ್ಲಿ ಒಂದು, ಹಾಳುಬಾವಿಯ ತಳದಲ್ಲಿ ಇನ್ನೊಂದು ಊರು ಇರೋ ಕಥೆ. ಪ್ರತಿ ಅಧ್ಯಾಯದ ಕೊನೆಗೂ ಯಾರೋ ಬಾಗಿಲು ಬಡೀತಾರೆ, ಇಲ್ಲಾ ದೀಪ ಆರುತ್ತೆ. ಭಾಷೆ ಸಡಿಲ, ಕಾಗುಣಿತದ ತಪ್ಪು ಬೇರೆ. ನೂರಕ್ಕೆ 38 ಅಂಕ ಹಾಕಿ ಕಳಿಸಿದೆ. ದಸರಾ ರಜೆಗೆ ಬಂದಿದ್ದ ಅಕ್ಕನ ಮಗಳು, ಆರನೇ ಕ್ಲಾಸಿನವಳು, ಅದನ್ನು ನನ್ನ ಮೇಜಿನಿಂದ ಎತ್ತಿಕೊಂಡು ಎರಡು ರಾತ್ರಿಯಲ್ಲಿ ಮುಗಿಸಿದಳು. ಬೆಳಿಗ್ಗೆ ಹಲ್ಲುಜ್ಜುತ್ತಲೇ ಕೇಳಿದಳು, "ಮಾಮ, ಎರಡನೇ ಭಾಗ ಎಲ್ಲಿ?" ನಾನು ಕೊಟ್ಟ ಮಾರ್ಕ್ಸ್ ಹೇಳಿದೆ. ಅವಳು ಏನೂ ಅನ್ನಲಿಲ್ಲ. ಅದೇ ನನಗೆ ಚುಚ್ಚಿದ್ದು.

ಆಗ ನೆನಪಾದದ್ದು ಲಂಡನ್ನಿನ ಒಬ್ಬ ಹುಡುಗ. ಸ್ಟ್ಯಾನ್ಲಿ ಅನ್ವಿನ್ ಅಂತ ಒಬ್ಬ ಪ್ರಕಾಶಕರಿದ್ದರು, ಅಲೆನ್ ಅಂಡ್ ಅನ್ವಿನ್ ಸಂಸ್ಥೆಯವರು. ಮಕ್ಕಳ ಪುಸ್ತಕಕ್ಕೆ ಮಕ್ಕಳೇ ಸರಿಯಾದ ಪರೀಕ್ಷಕರು ಅನ್ನೋದು ಅವರ ನಂಬಿಕೆ. 1936ರಲ್ಲಿ ಆಕ್ಸ್‌ಫರ್ಡಿನ ಪ್ರೊಫೆಸರ್ ಒಬ್ಬರ ಹಸ್ತಪ್ರತಿ ಬಂದಾಗ ಅದನ್ನು ಹತ್ತು ವರ್ಷದ ಮಗ ರೇನರ್ ಕೈಗೆ ಕೊಟ್ಟರು. ಬರೆದುಕೊಡುವ ವರದಿಗೆ ಕೂಲಿ ಒಂದು ಶಿಲ್ಲಿಂಗ್. ಅಕ್ಟೋಬರ್ 30ರಂದು ಹುಡುಗ ವರದಿ ಕೊಟ್ಟ. ಪುಟ್ಟದೊಂದು ಕಥಾಸಾರ, ಕಾಗುಣಿತದ ತಪ್ಪುಗಳ ಜೊತೆಗೆ. ಕೊನೆಗೆ ಅಭಿಪ್ರಾಯ: ನಕ್ಷೆಗಳಿದ್ದರೆ ಬೇರೆ ಚಿತ್ರ ಬೇಕಾಗಿಲ್ಲ, ಪುಸ್ತಕ ಚೆನ್ನಾಗಿದೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಹಿಡಿಸುತ್ತೆ. ತನಗೇ ಹತ್ತು, ನೋಡಿ! ನಾನಂತೂ ದೊಡ್ಡವನು, ಇದು ಚಿಕ್ಕವರಿಗೆ ಅನ್ನೋ ಗತ್ತು.

ಆ ಪ್ರೊಫೆಸರ್ ಜೆ. ಆರ್. ಆರ್. ಟೋಲ್ಕಿನ್. ಪುಸ್ತಕ 'ದಿ ಹಾಬಿಟ್'. 1937ರ ಸೆಪ್ಟೆಂಬರ್ 21ಕ್ಕೆ ಹೊರಬಂತು. 1500 ಪ್ರತಿ ಅಚ್ಚು ಹಾಕಿದ್ದರು, ಡಿಸೆಂಬರ್ ಹೊತ್ತಿಗೆ ಖಾಲಿ. ಇಂಗ್ಲೆಂಡಿನ ಗ್ರಂಥಪಾಲಕರು ಮಕ್ಕಳ ಸಾಹಿತ್ಯಕ್ಕೆ ಕೊಡುವ ಕಾರ್ನೆಗಿ ಪದಕ ಆ ವರ್ಷ ಈವ್ ಗಾರ್ನೆಟ್ ಅವರ 'ದಿ ಫ್ಯಾಮಿಲಿ ಫ್ರಂ ವನ್ ಎಂಡ್ ಸ್ಟ್ರೀಟ್' ಪುಸ್ತಕಕ್ಕೆ ಹೋಯಿತು. ಅದು ಬಡ ಕುಟುಂಬವೊಂದರ ಕಥೆ. ದೊಡ್ಡವರ ಸಮಿತಿ ಕೆಟ್ಟ ಪುಸ್ತಕ ಆರಿಸಿತು ಅಂತ ನಾನು ಹೇಳಲ್ಲ. ದುಡಿಯುವ ಜನರ ಮನೆಯನ್ನು ಮಕ್ಕಳ ಪುಸ್ತಕದೊಳಗೆ ತಂದದ್ದು ಆ ಕಾಲಕ್ಕೆ ಸಣ್ಣ ಕೆಲಸವಲ್ಲ. ಆದರೆ ಒಂದು ಶಿಲ್ಲಿಂಗ್‌ನ ಪರೀಕ್ಷಕ ಕಂಡದ್ದು ಬೇರೆ.

ರೇನರ್ ಕಥೆ ಅಲ್ಲಿಗೆ ಮುಗಿಯಲ್ಲ. ದೊಡ್ಡವನಾಗಿ ಅಪ್ಪನ ಸಂಸ್ಥೆಗೇ ಸೇರಿದ. 1950ರ ದಶಕದ ಆರಂಭದಲ್ಲಿ ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎದುರಿಗೆ ಬಂತು, ಭಾರಿ ಗಾತ್ರದ್ದು. ಸಾವಿರ ಪೌಂಡ್ ನಷ್ಟವಾಗಬಹುದು, ಆದರೂ ಇದು ಮೇಧಾವಿಯ ಕೃತಿ ಅಂತ ಅಪ್ಪನಿಗೆ ತಿಳಿಸಿದ. ನಿನಗೆ ಹಾಗನ್ನಿಸಿದರೆ ಆ ಸಾವಿರ ಕಳೆಯಬಹುದು ಅಂತ ಅಪ್ಪ ಒಪ್ಪಿದರು. 1954-55ರಲ್ಲಿ ಮೂರು ಸಂಪುಟ ಬಂದವು. ಖರ್ಚು ಹುಟ್ಟುವವರೆಗೆ ಲೇಖಕರಿಗೆ ಗೌರವಧನ ಇಲ್ಲ, ಆಮೇಲೆ ಲಾಭದಲ್ಲಿ ಅರ್ಧ ಪಾಲು ಅನ್ನೋದು ಒಪ್ಪಂದ. ಆಮೇಲೆ ಯಾರು ಲಾಭ ಮಾಡಿಕೊಂಡರು ಅಂತ ನಿಮಗೆ ಗೊತ್ತೇ ಇದೆ.

ಹ್ಯಾರಿ ಪಾಟರ್ ವಿಷಯದಲ್ಲೂ ಹೀಗೇ ಆಯ್ತು. ಹಲವು ಪ್ರಕಾಶಕರು ಬೇಡ ಅಂದದ್ದರ ಆರಂಭದ ಪುಟಗಳನ್ನು ಬ್ಲೂಮ್ಸ್‌ಬರಿಯ ಮುಖ್ಯಸ್ಥ ನೈಜಲ್ ನ್ಯೂಟನ್ ಮನೆಗೆ ತಂದು ಎಂಟು ವರ್ಷದ ಮಗಳು ಆಲಿಸ್‌ಗೆ ಕೊಟ್ಟರು. ಮುಂದಿನ ಪುಟ ಕೊಡು ಅಂತ ಅವಳು ಬೆನ್ನುಬಿದ್ದಳು. 1997ರ ಜೂನ್‌ನಲ್ಲಿ ಗಟ್ಟಿರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ.

ಇನ್ನು ಪತ್ತೇದಾರಿ ಕಡೆ ಬರೋಣ. ಇಲ್ಲಿ ಜಗಳ ಜೋರು. ಅಮೆರಿಕದಲ್ಲಿ ಎಡ್ವರ್ಡ್ ಸ್ಟ್ರೇಟ್‌ಮೇಯರ್ ಅನ್ನುವವರು ಮಕ್ಕಳ ಕಾದಂಬರಿಯ ಕಾರ್ಖಾನೆಯನ್ನೇ ನಡೆಸುತ್ತಿದ್ದರು. ಕಥೆಯ ಹಂದರ ಇವರದು, ಬರೆಯೋರು ಬೇರೆಯವರು, ರಟ್ಟಿನ ಮೇಲೆ ಇಲ್ಲದ ಲೇಖಕರ ಹೆಸರು, ಬರೆದವರಿಗೆ ಒಂದೇ ಸಲದ ಕೂಲಿ. 1914ರಲ್ಲಿ ಬಾಯ್ ಸ್ಕೌಟ್ಸ್‌ನ ಗ್ರಂಥಪಾಲಕ ಫ್ರ್ಯಾಂಕ್ಲಿನ್ ಮ್ಯಾಥ್ಯೂಸ್, ಇಂಥ ಅಗ್ಗದ ಪುಸ್ತಕಗಳ ಮೇಲೆ 'ಔಟ್‌ಲುಕ್' ಪತ್ರಿಕೆಯಲ್ಲಿ ಲೇಖನ ಬರೆದರು. ತಲೆಬರಹವೇ ಹುಡುಗರ ಮಿದುಳು ಸಿಡಿಸುವುದರ ಬಗ್ಗೆ! ಅತಿಯಾದ ರೋಮಾಂಚನದಿಂದ ಕಲ್ಪನಾಶಕ್ತಿ ಕೆಟ್ಟುಹೋಗುತ್ತೆ ಅನ್ನೋದು ಅವರ ವಾದ. ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳು ದಶಕಗಳ ಕಾಲ ಇಂಥ ಸರಣಿಗಳನ್ನು ಕಪಾಟಿಗೇ ಸೇರಿಸಲಿಲ್ಲ.

ಆ ಕಾರ್ಖಾನೆಯಿಂದಲೇ 1930ರಲ್ಲಿ ನ್ಯಾನ್ಸಿ ಡ್ರೂ ಬಂದಳು. ಕಾರು ಓಡಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ ರಹಸ್ಯ ಬಿಡಿಸುವ ಹುಡುಗಿ. ರಟ್ಟಿನ ಮೇಲೆ ಕ್ಯಾರೊಲಿನ್ ಕೀನ್ ಅಂತಿತ್ತು. ಮೊದಲ ಮೂವತ್ತರಲ್ಲಿ 23 ಪುಸ್ತಕ ಬರೆದವರು ಮಿಲ್ಡ್ರೆಡ್ ವರ್ಟ್. ಶುರುವಿನಲ್ಲಿ ಪುಸ್ತಕಕ್ಕೆ 125 ಡಾಲರ್, ಹಕ್ಕು ಏನೂ ಇಲ್ಲ. ಈ ಗುಟ್ಟು ಹೆಚ್ಚಿನ ಜನಕ್ಕೆ ಗೊತ್ತಾಗಿದ್ದು 1980ರ ಒಂದು ಕೋರ್ಟ್ ಕೇಸಿನಲ್ಲಿ. ಕೋರ್ಟ್ ಅಂದಾಗ ನೆನಪಾಯ್ತು. ಅಮೆರಿಕದ ಸುಪ್ರೀಂ ಕೋರ್ಟಿನ ಸಾಂಡ್ರಾ ಡೇ ಓಕಾನರ್, ರೂತ್ ಬೇಡರ್ ಗಿನ್ಸ್‌ಬರ್ಗ್, ಸೋನಿಯಾ ಸೊಟೊಮೇಯರ್, ಮೂವರೂ ಚಿಕ್ಕಂದಿನಲ್ಲಿ ನ್ಯಾನ್ಸಿ ಡ್ರೂ ಓದಿದ್ದನ್ನು ಹೇಳಿಕೊಂಡವರೇ.

ಹಾಗಂತ ಆ ಪುಸ್ತಕಗಳು ಚೊಕ್ಕ ಅಂತಲ್ಲ. ಹಳೇ ಆವೃತ್ತಿಗಳಲ್ಲಿ ಕಪ್ಪು ಜನರನ್ನು ಚಿತ್ರಿಸಿದ ರೀತಿ ಓದಿದರೆ ಮೈ ಉರಿಯುತ್ತೆ. 1959ರಿಂದ ಅವನ್ನು ತಿದ್ದಿ, 25 ಅಧ್ಯಾಯ ಇದ್ದದ್ದನ್ನು 20ಕ್ಕೆ ಇಳಿಸಿದರು. ವಿಚಿತ್ರ ನೋಡಿ, 1914ರ ಆ ಲೇಖನದ ಮುಖ್ಯ ತಕರಾರು ಇದಲ್ಲ, ರೋಮಾಂಚನ. ಮಗುವಿಗೆ ಪುಟ ತಿರುಗಿಸೋ ಆಸೆ ಗೊತ್ತು, ಆ ಚಿತ್ರಣದ ತಪ್ಪು ಗೊತ್ತಾಗದೇ ಇರಬಹುದು. ಅದಕ್ಕೆ ದೊಡ್ಡವರು ಬೇಕು. ಆದರೆ ದೊಡ್ಡವರು ತಪ್ಪು ಜಾಗದಲ್ಲಿ ಕೆಂಪು ಗೆರೆ ಎಳೀತಾರಲ್ಲ, ಏನು ಮಾಡೋದು?

ನಮ್ಮಲ್ಲೂ ಅಷ್ಟೇ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಸಮಾಜ ಪುಸ್ತಕದೊಳಗೆ ಇಟ್ಟುಕೊಂಡು ಓದಿದವನು ನಾನು. ಸಿಕ್ಕಿಬಿದ್ದು ಏಟು ತಿಂದಿದ್ದೂ ಉಂಟು. ಅಂಥವನೇ ಬಾಗಿಲು ಬಡಿಯೋದು ಜಾಸ್ತಿ ಆಯ್ತು ಅಂತ ಅಂಕ ಕಡಿದೆ!

ಸ್ಪರ್ಧೆಯವರಿಗೆ ಫೋನ್ ಮಾಡಿದೆ. ಫಲಿತಾಂಶ ಅಚ್ಚಿಗೆ ಹೋಗಿದೆ ಸಾರ್, ಇನ್ನು ಆಗಲ್ಲ ಅಂದರು. ಬರೆದವರ ಹೆಸರು ಕೇಳಿದೆ, ಗುಪ್ತವಾಗಿಡುವ ನಿಯಮ ಅಂತೆ. ಹಸ್ತಪ್ರತಿಯ ನಕಲು ಇನ್ನೂ ನನ್ನ ಹತ್ತಿರವೇ ಇದೆ. ಅದರ ಕೊನೇ ಪುಟದಲ್ಲಿ ಅಕ್ಕನ ಮಗಳು, ಬಾವಿಯೊಳಗಿನ ಊರಿಂದ ಮೇಲೆ ಬರೋ ದಾರಿಯನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದಾಳೆ, ನಕ್ಷೆ ಸಮೇತ. ಈ ಸಂಚಿಕೆ ಕೇಳ್ತಿರೋರಲ್ಲಿ ಆ ಕಥೆ ಬರೆದವರು ಇದ್ದರೆ ದಯವಿಟ್ಟು ನಮಗೆ ಬರೆಯಿರಿ. ಎರಡನೇ ಭಾಗಕ್ಕೆ ಒಬ್ಬಳು ಕಾಯ್ತಿದ್ದಾಳೆ.