ಅಬ್ಬೂರಿನ ಗುರುಗಳು

ಬೆಂಗಳೂರಿನಿಂದ ಮೈಸೂರಿಗೆ ಹೊರಟ ನಾವು ರಾಮನಗರದ ಬಂಡೆಗಳನ್ನು ಕಂಡು ಬೆರಗಾಗುತ್ತೇವೆ. ಚನ್ನಪಟ್ಟಣದಲ್ಲಿ ಇಳಿದು ಮಕ್ಕಳಿಗೆ ಬಣ್ಣದ ಬೊಂಬೆಗಳನ್ನು ಕೊಳ್ಳುತ್ತೇವೆ. ಆ ಊರಿನ ಆಸುಪಾಸಿನಲ್ಲಿಯೇ ಶಿಷ್ಯರ ಕೃತಜ್ಞತೆಯನ್ನು ನೆನಪಿಗೆ ತರುವ ಎರಡು ಸ್ಥಳಗಳಿವೆ. ಟೀಪೂ ಸುಲ್ತಾನನು ತನ್ನ ಧರ್ಮಗುರುಗಳಾದ ಅಕೀಲ್ ಷಾ ಖಾದ್ರಿಯವರ ನೆನಪಿಗಾಗಿ ಕಟ್ಟಿಸಿದ ಗೋರಿಯು ಪಟ್ಟಣದ ಉತ್ತರಕ್ಕಿದೆಯೆಂದು ಹಳೆಯ ಗ್ಯಾಸೆಟಿಯರು ಹೇಳುತ್ತದೆ. ದೊರೆಯಾದವನು ಗುರುವಿಗೆ ಕಲ್ಲಿನಲ್ಲಿ ಕಾಣಿಕೆ ಸಲ್ಲಿಸಿದನು. ಅದು ಅವನಿಗೆ ಭೂಷಣವೇ ಸರಿ. ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಹಿಡಿದು ನಿಲ್ಲಿಸಿರುವುದು ಎರಡನೆಯ ಸ್ಥಳ. ಅದು ಕಣ್ವಾನದಿಯ ಬಳಿಯ ಅಬ್ಬೂರು.

ಹದಿನೈದನೆಯ ಶತಮಾನದಲ್ಲಿ ಅಬ್ಬೂರು ಒಂದು ಮಧ್ವಮಠದ ನೆಲೆಯಾಗಿದ್ದಿತು. ಪುರುಷೋತ್ತಮತೀರ್ಥರು ಅಲ್ಲಿ ತಪಸ್ಸು ಮಾಡಿದರೆನ್ನುವ ಗುಹೆಯನ್ನು ಈಗಲೂ ತೋರಿಸುತ್ತಾರೆ. ಅವರನ್ನು ನೋಡಲು ಬರುತ್ತಿದ್ದ ಸ್ವರ್ಣವರ್ಣತೀರ್ಥರು ಒಂದು ಸಂಜೆ ದಾರಿಯಲ್ಲಿ ದನ ಕಾಯುತ್ತಿದ್ದ ಹುಡುಗನನ್ನು ಕಂಡು, ಅಬ್ಬೂರು ಇನ್ನೆಷ್ಟು ದೂರವೆಂದು ಕೇಳಿದರಂತೆ. ಮುಳುಗುತ್ತಿರುವ ಹೊತ್ತನ್ನು ನೋಡಿ, ಈ ದನಗಳನ್ನು ನೋಡಿ, ಹುಡುಗನಾದ ನನ್ನನ್ನು ನೋಡಿ, ಊರು ಎಷ್ಟು ದೂರವಿದ್ದೀತೆಂದು ನೀವೇ ತಿಳಿದುಕೊಳ್ಳಿರೆಂದು ಹುಡುಗನು ಉತ್ತರ ಕೊಟ್ಟನಂತೆ. ಐತಿಹ್ಯವೇ ಇರಬಹುದು, ಆದರೂ ಪ್ರಶ್ನೆಗೆ ಪ್ರತಿಯಾಗಿ ಯುಕ್ತಿಯನ್ನೊಡ್ಡಿದ ಹುಡುಗನನ್ನು ಗದರಿಸದೆ ಮೆಚ್ಚಿಕೊಂಡ ಆ ಯತಿಗಳು ನಿಜವಾಗಿಯೂ ಉಪಾಧ್ಯಾಯರ ಕಣ್ಣುಳ್ಳವರು. ಆ ಹುಡುಗನೇ ಮುಂದೆ ಲಕ್ಷ್ಮೀನಾರಾಯಣತೀರ್ಥರಾಗಿ, ಮುಳಬಾಗಿಲಿನ ಶ್ರೀಪಾದರಾಜರೆಂದು ಪ್ರಸಿದ್ಧರಾದರು; ರಂಗವಿಠಲನೆಂಬ ಅಂಕಿತದಲ್ಲಿ ಕನ್ನಡದ ಹಾಡುಗಳನ್ನು ರಚಿಸಿದರು.

ಅಬ್ಬೂರಿನ ಪೀಠಕ್ಕೆ ಪುರುಷೋತ್ತಮತೀರ್ಥರ ತರುವಾಯ ಬಂದವರು ಬ್ರಹ್ಮಣ್ಯತೀರ್ಥರು. ಬನ್ನೂರಿನಲ್ಲಿ ಹುಟ್ಟಿದ ಯತಿರಾಜನೆಂಬ ಬಾಲಕನ ಬುದ್ಧಿಯನ್ನು ಗುರುತಿಸಿ, ಎಳೆಯ ಪ್ರಾಯದಲ್ಲಿಯೇ ಸಂನ್ಯಾಸವನ್ನು ಕೊಟ್ಟು, ವ್ಯಾಸತೀರ್ಥನೆಂದು ಹೆಸರಿಟ್ಟವರು ಇವರೇ. ವಿಜಯನಗರದ ಕೀರ್ತಿಯೊಡನೆ ಬೆರೆತುಹೋಗಿರುವ ವ್ಯಾಸರಾಯರ ಬಾಳಿನ ಆರಂಭವು ಹೀಗೆ ಈ ಸಣ್ಣ ಊರಿನಲ್ಲಾಯಿತು. ಅವರ ಚರಿತ್ರೆಯನ್ನು ಸಮಕಾಲೀನನಾದ ಸೋಮನಾಥಕವಿಯು ಸಂಸ್ಕೃತ ಚಂಪುವಾಗಿ ಬರೆದಿಟ್ಟಿದ್ದಾನೆ; ಬಿ. ವೆಂಕೋಬರಾಯರು ಅದನ್ನು 1926ರಲ್ಲಿ ಅಚ್ಚು ಹಾಕಿಸಿ ಉಪಕಾರ ಮಾಡಿದರು.

ಈ ಚರಿತ್ರೆಯಲ್ಲಿ ಒಂದು ಘಟ್ಟವು ನಮಗೆ ಬಹು ಮುಖ್ಯವಾಗಿ ತೋರುತ್ತದೆ. 1475ನೆಯ ಅಥವಾ 1476ನೆಯ ಇಸವಿಯದೆಂದು ಚರಿತ್ರಕಾರರು ಎಣಿಸುವ ಕ್ಷಾಮವೊಂದು ಬಂದಿತು. ಬ್ರಹ್ಮಣ್ಯತೀರ್ಥರು ಆ ಕಾಲದಲ್ಲಿ ತೀರಿಕೊಂಡರು. ಮಠದ ಭಾರವು ಎಳೆಯ ಶಿಷ್ಯನ ಹೆಗಲಿಗೆ ಬಿದ್ದಿತು. ಪೀಠವು ದೊರೆತಿತ್ತು, ಪಾಂಡಿತ್ಯವು ಇನ್ನೂ ಪೂರ್ಣವಾಗಿ ದೊರೆತಿರಲಿಲ್ಲ. ಕಾಲಿಗೆ ಬೀಳುವವರಿರುವಾಗ ತನಗೆ ತಿಳಿಯದ ವಿಷಯವಿದೆಯೆಂದು ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಸಣ್ಣಪುಟ್ಟ ಅಧಿಕಾರಗಳಲ್ಲಿ ಕುಳಿತಿರುವ ನಾವೆಲ್ಲರೂ ಬಲ್ಲೆವು. ವ್ಯಾಸತೀರ್ಥರು ಕಂಚಿಗೆ ಹೋಗಿ ಷಡ್ದರ್ಶನಗಳನ್ನು ಓದಿದರು. ಆಮೇಲೆ ಮುಳಬಾಗಿಲಿಗೆ ಬಂದು, ಒಂದು ಮಠದ ಅಧಿಪತಿಯಾಗಿದ್ದುಕೊಂಡೇ, ಶ್ರೀಪಾದರಾಜರ ಮುಂದೆ ಐದಾರು ವರ್ಷ ಶಿಷ್ಯರಾಗಿ ಕುಳಿತರು. ಅಬ್ಬೂರಿನ ದನಗಾಹಿಯೇ ಅಬ್ಬೂರಿನ ಪೀಠಾಧಿಪತಿಗೆ ಪಾಠ ಹೇಳಿದಂತಾಯಿತು! ಸಾಳುವ ನರಸಿಂಹನ ಆಸ್ಥಾನಕ್ಕೆ ಹೋಗೆಂದು ಅಪ್ಪಣೆ ಮಾಡಿದವರೂ ಶ್ರೀಪಾದರಾಜರೇ. ಬೆಳೆದ ಶಿಷ್ಯನನ್ನು ತಮ್ಮ ಬಳಿಯೇ ಕಟ್ಟಿಹಾಕಿಕೊಳ್ಳಲಿಲ್ಲ.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಕೃಷ್ಣದೇವರಾಯನ ಗೌರವ, ತರ್ಕತಾಂಡವ, ತಾತ್ಪರ್ಯಚಂದ್ರಿಕೆಗಳಂಥ ಗ್ರಂಥಗಳು, ಪುರಂದರದಾಸರು ಕನಕದಾಸರಂಥ ಶಿಷ್ಯರು. ನಾವು ನೋಡಬೇಕಾದುದು ನ್ಯಾಯಾಮೃತದ ಮೊದಲ ಶ್ಲೋಕಗಳನ್ನು. ಅಲ್ಲಿ ಬ್ರಹ್ಮಣ್ಯತೀರ್ಥರನ್ನು ಕತ್ತಲೆ ಕಳೆದು ದಾರಿ ತೋರಿದ ಸೂರ್ಯನೆಂದು ಸ್ಮರಿಸಿದ್ದಾರೆ. ಲಕ್ಷ್ಮೀನಾರಾಯಣಮುನಿಗಳನ್ನು ವಿದ್ಯಾಗುರುಗಳೆಂದು ಬೇರೆಯಾಗಿ ವಂದಿಸಿದ್ದಾರೆ. ನಮ್ಮಲ್ಲಿ ಕಾಲೇಜಿನ ಹೆಸರಾಂತ ಪ್ರೊಫೆಸರನ್ನು ನೆನೆಯುವವರು ಹಲವರು. ಮರಳಿನ ಮೇಲೆ ಬೆರಳು ಹಿಡಿದು ಅಕ್ಷರ ತಿದ್ದಿಸಿದ ಊರ ಮೇಷ್ಟರ ಹೆಸರು ನಾಲಗೆಯ ತುದಿಯವರೆಗೆ ಬಂದು ನಿಂತುಬಿಡುತ್ತದೆ. ವ್ಯಾಸರಾಯರು ಮೊದಲಿನವರನ್ನು ಬಿಟ್ಟು ಎರಡನೆಯವರನ್ನು ಹೊಗಳಲಿಲ್ಲ. ಸಾಕಿ ಬೆಳೆಸಿದ ಋಣವನ್ನೂ ಶಾಸ್ತ್ರ ಹೇಳಿಸಿಕೊಂಡ ಋಣವನ್ನೂ ಒಂದರಲ್ಲೊಂದು ಕಲಸಿಬಿಡಲೂ ಇಲ್ಲ.

1539ರಲ್ಲಿ ತೀರಿಕೊಂಡ ವ್ಯಾಸರಾಯರ ಬೃಂದಾವನವು ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿದೆ. ಯಾತ್ರಿಕರು ದೋಣಿಯೇರಿ ಹೋಗಿ ದರ್ಶನ ಮಾಡುತ್ತಾರೆ. ಶ್ರೀಪಾದರಾಜರದು ಮುಳಬಾಗಿಲಿನ ನರಸಿಂಹತೀರ್ಥದಲ್ಲಿದೆ. ಬ್ರಹ್ಮಣ್ಯತೀರ್ಥರದು ಅಬ್ಬೂರಿನಲ್ಲಿಯೇ ಉಳಿದಿದೆ. ಮೂರರಲ್ಲಿ ಬೆಂಗಳೂರಿಗೆ ಹತ್ತಿರವಾದದ್ದು ಇದೇ. ಚನ್ನಪಟ್ಟಣದಲ್ಲಿ ಬೊಂಬೆ ಕೊಂಡ ಮೇಲೆ ಹೊತ್ತು ಮುಳುಗುವುದರೊಳಗೆ ಹೋಗಿಬರಬಹುದು.